ಮೂರನೆಯ ಕೂಗು

ನಮ್ಮ ಮನೆಯವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದೂ ಕಡಲ ದಂಡೆಯಲ್ಲಿ ನಿಂತು, ಊರಿಗೆ ಊರೇ ಕೇಳುವ ಹಾಗೆ. ಗಂಡನ ಹೆಸರು ಹೇಳುವ ಕ್ರಮ ನಮ್ಮಲ್ಲಿಲ್ಲ. ರೇಷನ್ ಅಂಗಡಿಯವರು ಕೇಳಿದರೂ ಪಕ್ಕದಲ್ಲಿ ನಿಂತವಳ ಮುಖ ನೋಡಿ, ಅವಳಿಂದ ಹೇಳಿಸಿ, ಹೌದೆಂದು ತಲೆಯಾಡಿಸಿ ಬರುವವಳು ನಾನು. ಹಾಗಾಗಿ ಇಲ್ಲಿಯೂ ಇವರನ್ನು ‘ಇವರು’ ಎಂದೇ ಕರೆಯುತ್ತೇನೆ. ಹೆಸರು ಹೇಳಲೇಬೇಕಾದ ಜಾಗ ಬಂದಾಗ ಹೇಳುತ್ತೇನೆ, ಅಲ್ಲಿಯ ತನಕ ತಡೆದುಕೊಳ್ಳಿ.

ಊರಿನವರಿಗೆ ಇವರು ಕೂಗಿನವರು. ನಮ್ಮೂರಿನ ದೇವರು ಇರುವುದು ಕಡಲ ನಡುವಿನ ಒಂದು ನಡುಗಡ್ಡೆಯಲ್ಲಿ, ನಾವು ಅದನ್ನು ದೇವರ ಕಲ್ಲು ಎನ್ನುತ್ತೇವೆ. ಅಮಾವಾಸ್ಯೆಗೂ ಹುಣ್ಣಿಮೆಗೂ ದೊಡ್ಡ ಇಳಿತ ಬಂದಾಗ ನೀರು ಹಿಂದೆ ಸರಿದು ಮರಳಿನ ದಾರಿ ಬಿಡುತ್ತದೆ. ಜನ ನಡೆದುಕೊಂಡೇ ಹೋಗಿ ಹಣ್ಣುಕಾಯಿ ಮಾಡಿಸಿ, ನಡೆದುಕೊಂಡೇ ಬರುತ್ತಾರೆ. ಹೋದವರಲ್ಲಿ ಕೊನೆಯವರು ಈ ದಂಡೆಗೆ ಹೊರಡುವ ತನಕ ಕಡಲು ತಿರುಗಿ ಬರುವುದಿಲ್ಲ, ಕಾಯುತ್ತದೆ. ಆಮೇಲೆ ಆ ಕೊನೆಯವರ ಹಿಮ್ಮಡಿಯ ಹಿಂದೆಯೇ ಸಾಕಿದ ಕರುವಿನ ಹಾಗೆ ನಡೆದು ಬರುತ್ತದೆ. ಬೇರೆ ಊರುಗಳ ಕಡಲು ಯಾರಿಗೂ ಕಾಯುವುದಿಲ್ಲವಂತೆ, ತನ್ನ ಹೊತ್ತಿಗೆ ತಾನು ಬಂದುಬಿಡುತ್ತದಂತೆ. ಅಂಥ ಕಡಲನ್ನು ಕಟ್ಟಿಕೊಂಡು ಅಲ್ಲಿಯ ಜನ ಹೇಗೆ ಬಾಳುತ್ತಾರೋ ನಾನು ಕಾಣೆ.

ಹಾಗಂತ ಕಾಯುವ ಕಡಲಿನಿಂದ ಉಪಕಾರವೇ ಹೆಚ್ಚು ಎಂದುಕೊಳ್ಳಬೇಡಿ. ನೀರು ಬಾರದಿದ್ದರೆ ಮೀನು ತುಂಬಿಕೊಂಡು ಬಂದ ದೋಣಿಗಳು ಅಳಿವೆಯ ಬಾಯಲ್ಲಿ ಕೆಸರಿಗೆ ಹೂತು ನಿಲ್ಲುತ್ತವೆ, ಮಂಜುಗಡ್ಡೆ ಕರಗುತ್ತದೆ, ಮೀನು ನಾರುತ್ತದೆ, ದಂಡೆಯಲ್ಲಿ ಲಾರಿಯವರು ಹಾರ್ನ್ ಹೊಡೆಯುತ್ತಾರೆ. ನಮ್ಮಲ್ಲಿ ಸೊಸೆಯಂದಿರು ಜಗಳವಾದರೆ ತವರಿಗೆ ಹೋಗುತ್ತೇನೆ ಎನ್ನುವುದಿಲ್ಲ, ದೇವರ ಕಲ್ಲಿನ ಮೇಲೆ ಹೋಗಿ ಕೂರುತ್ತೇನೆ ಎನ್ನುತ್ತಾರೆ. ಅತ್ತೆಯಂದಿರು ತಣ್ಣಗಾಗುತ್ತಾರೆ. ಒಮ್ಮೆ ಬಸ್ಸಿನ ಡ್ರೈವರು ಕಂಡಕ್ಟರುಗಳು ಮುಷ್ಕರ ಹೂಡಿ ಅಲ್ಲಿಯೇ ಹೋಗಿ ಕುಳಿತರು. ಬಸ್ಸಿನ ಮಾಲೀಕರು ಜಪ್ಪಯ್ಯ ಅನ್ನಲಿಲ್ಲ, ಆದರೆ ಮೀನಿನ ಹೆಂಗಸರು ಬುಟ್ಟಿ ಹಿಡಿದು ಮಾಲೀಕರ ಮನೆಗೆ ನುಗ್ಗಿದರು, ಸಂಜೆಯೊಳಗೆ ಎಲ್ಲ ಇತ್ಯರ್ಥವಾಯಿತು.

ಇದಕ್ಕೆಂದೇ ನಮ್ಮ ಮಾವನವರ ಮನೆತನಕ್ಕೆ ಕೂಗಿನ ಕೆಲಸ ಬಂದದ್ದು. ಹೆಗಲ ಮೇಲೆ ದೇವರ ಕೆಂಪು ಶಾಲು ಹಾಕಿಕೊಂಡು ದಂಡೆಯ ಕಲ್ಲಿನ ಮೇಲೆ ನಿಲ್ಲಬೇಕು, ತಡಮಾಡಿದವರನ್ನು ಕೂಗಿ ಕರೆಯಬೇಕು. ಮೊದಲ ಕೂಗಿಗೆ ಬರಿಯ ಹೆಸರು. ಎರಡನೆಯದಕ್ಕೆ ಮನೆಯ ಹೆಸರು, ತಾಯಿತಂದೆಯ ಹೆಸರು. ಅದಕ್ಕೂ ಬಾರದಿದ್ದರೆ ಮೂರನೆಯದು, ಅದರಲ್ಲಿ ಒಂದು ಗೇಲಿ ಇರಬೇಕು. ಗೇಲಿಗೆ ಹೆದರಿಯೇ ಜನ ಕಾಲು ಕಿತ್ತು ಓಡಿಬರುತ್ತಿದ್ದರು. ಕೊನೆಯವರು ಬಂದ ಮೇಲೆ ಇವರು “ಎಲ್ಲ ಬಂದ್ರು!” ಎನ್ನಬೇಕು, ದಂಡೆಯವರು “ಬಂದ್ರು!” ಎಂದು ಓಗೊಡಬೇಕು, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಪಂಚಾಯತಿಯವರು ಒಂದು ಮೈಕು ತಂದುಕೊಟ್ಟಿದ್ದರು. ಇವರು ಅದನ್ನು ಅಟ್ಟಕ್ಕೆ ಹಾಕಿ, “ನನ್ನ ಗಂಟಲಿಗೆ ಬ್ಯಾಟ್ರಿ ಬೇಡ” ಎಂದರು.

ಗಂಟಲು ಹಾಗೇ ಇತ್ತು, ಸುಳ್ಳು ಹೇಳಬಾರದು. ನಾಲಿಗೆಯೂ ಹಾಗೇ ಇತ್ತು. ಇವರ ಮೂರನೆಯ ಕೂಗು ಕೇಳಲೆಂದೇ ಕೆಲಸ ಬಿಟ್ಟು ಜನ ದಂಡೆಗೆ ಬರುತ್ತಿದ್ದರು. ಟೈಲರ್ ಜನ್ನ ತಡಮಾಡಿದಾಗ, “ಓ ಜನ್ನಾ, ದೇವರಿಗೆ ಅಂಗಿ ಅಳತೆ ತೆಗಿತಾ ಇದ್ದಿಯಾ? ಅವ ಹಬ್ಬಕ್ಕೆ ಕೇಳ್ತಾನೆ, ನೀನು ತಿಥಿಗೆ ಕೊಡ್ತಿ!” ಎಂದು ಕೂಗಿದ್ದರು. ಜನ್ನನಿಗೆ ಅಂಗಿ ಹೊಲಿಯಲು ಕೊಡುವವರೆಲ್ಲ ಆಮೇಲೆ ವರ್ಷಗಟ್ಟಲೆ, “ಹಬ್ಬಕ್ಕಾ ತಿಥಿಗಾ?” ಎಂದು ಕೇಳುತ್ತಿದ್ದರು. ನಾನೂ ಸೆರಗು ಬಾಯಿಗೊತ್ತಿ ನಕ್ಕವಳೇ. ಇಂಥವರ ಹೆಂಡತಿ ಎಂದು ಸಂತೆಯಲ್ಲಿ ನನಗೂ ಒಂದು ಹಿಡಿ ಬೆಂಡೆಕಾಯಿ ಹೆಚ್ಚಿಗೆ ಬೀಳುತ್ತಿತ್ತು.

ಆ ಅಮಾವಾಸ್ಯೆಯ ದಿನ ಹೊಳೆಬದಿಯ ಗುಲಾಬಿಯ ಮಗಳು ವಾರಿಜಳನ್ನು ನೋಡಲು ಹುಡುಗನ ಕಡೆಯವರು ಬಂದಿದ್ದರು. ಗುಲಾಬಿ ಗಂಡ ಸತ್ತ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮಗಳನ್ನು ಬೆಳೆಸಿದವಳು. ವಾರಿಜ ಬೀಡಿ ಕಟ್ಟುವ ಹುಡುಗಿ, ಮಾತು ಕಡಿಮೆ, ಎದುರಿಗೆ ಸಿಕ್ಕರೆ ನಗು ಮಾತ್ರ. ಹುಡುಗ, ಅವನ ತಾಯಿ, ಒಬ್ಬಳು ಸೋದರತ್ತೆ, ಎಲ್ಲರೂ ತಾಯಿಮಗಳ ಜೊತೆಯಲ್ಲಿ ದೇವರಿಗೆ ಹೋಗಿ ಕಾಯಿ ಒಡೆಸಿದ್ದರು. ಹೊರಡುವಾಗ ವಾರಿಜ, “ನೀವು ಮುಂದೆ ನಡಿರಿ, ನನ್ನದೊಂದು ಪ್ರದಕ್ಷಿಣೆ ಬಾಕಿ ಉಂಟು” ಎಂದಳಂತೆ. ಎಲ್ಲರೂ ಬಂದರು. ಪೂಜೆಯ ಅಡಿಗರೂ ಬಾಗಿಲು ಹಾಕಿಕೊಂಡು ಬಂದರು. ವಾರಿಜ ಬರಲಿಲ್ಲ.

ಇವರು ಕಲ್ಲು ಹತ್ತಿ ಶಾಲು ಸರಿಮಾಡಿಕೊಂಡು, “ಓ… ವಾರಿಜಾ!” ಎಂದರು. ದೇವರ ಕಲ್ಲಿನಿಂದ ಉತ್ತರವಿಲ್ಲ. “ಓ… ಹೊಳೆಬದಿ ಗುಲಾಬಿಯ ಮಗಳು ವಾರಿಜಾ!” ಆಗಲೂ ಇಲ್ಲ. ಜನ ಮಾತು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದರು. ಇವರು ಹುಡುಗನ ಕಡೆ ಒಮ್ಮೆ ನೋಡಿ, ಅಂಗೈ ಎರಡೂ ಬಾಯಿಗಿಟ್ಟು ಕೂಗಿದರು: “ಓ ವಾರಿಜಾ, ಹುಡುಗ ಇರುದು ಈ ದಂಡೆಯಲ್ಲಿ! ಅಲ್ಲಿ ಇರುದು ದೇವರು, ಅವನಿಗೆ ಆಗ್ಲೇ ಮದುವೆ ಆಗಿದೆ!”

ದಂಡೆ ಬಿದ್ದುಬಿದ್ದು ನಕ್ಕಿತು. ಹುಡುಗನೂ ನಕ್ಕ, ಅವನ ತಾಯಿ ಅರ್ಧ ನಕ್ಕಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಮೂರರ ಮೇಲೆ ಕೂಗುವ ಪದ್ಧತಿಯೇ ಇಲ್ಲ, ಆಮೇಲೆ ಯಾರಾದರೂ ಹೋಗಿ ಕರೆದು ತರಬೇಕು. ಆದರೆ ಹೊರಗಿನವರು ಬಂದಿದ್ದಾರೆ, ನಗುತ್ತಿದ್ದಾರೆ, ಇವರಿಗೆ ಹುರುಪು ಏರಿತು. “ಹುಡುಗನ ಮೀಸೆ ನೋಡಿ ಹೆದರಿದ್ದಾ ವಾರಿಜಾ? ಬೋಳಿಸಿಯೇ ಕೊಡ್ತಾರಂತೆ, ಬಾ!” ಎಂದರು. ಮತ್ತೆ ನಗು. “ದೇವರು ಹೂಂ ಅಂದ್ರೂ ಅವನ ಹೆಂಡ್ತಿ ಒಪ್ಪುದಿಲ್ಲ ಮಾರಾಯ್ತಿ!” ಎಂದರು. ಗಂಡಸರು ಹೊಟ್ಟೆ ಹಿಡಿದುಕೊಂಡರು.

ಆಗ ನನ್ನ ಕಣ್ಣು ಗುಲಾಬಿಯ ಮೇಲೆ ಬಿತ್ತು. ಅವಳು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೆರಳು ಮಡಿಸಿಕೊಂಡು ದಿನಗಳ ಲೆಕ್ಕ ಹಾಕುತ್ತಿದ್ದಳು, ಮುಖ ಬಿಳಿಚಿಕೊಂಡಿತ್ತು. ಆ ಲೆಕ್ಕ ಯಾವುದೆಂದು ಹೆಂಗಸಾದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪಕ್ಕದವಳಿಗೂ ತಿಳಿಯಿತು, ಅವಳ ಪಕ್ಕದವಳಿಗೂ. ಹೆಂಗಸರ ಸಾಲಿನಲ್ಲಿ ನಗು ಒಬ್ಬರಿಂದ ಒಬ್ಬರಿಗೆ ನಿಲ್ಲುತ್ತಾ ಹೋಯಿತು. ಆದರೆ ಒಬ್ಬಳೂ ಬಾಯಿ ಬಿಡಲಿಲ್ಲ. ಅಷ್ಟು ಗಂಡಸರ ನಡುವೆ, ಬೀಗರಾಗಲಿರುವವರ ಮುಂದೆ, ಅದನ್ನು ಹೇಗೆ ಹೇಳುವುದು? ಎಲ್ಲರೂ ಕಾಲಿನ ಬೆರಳು ನೋಡಿಕೊಂಡು ನಿಂತೆವು, ಇವರು ಕೂಗುತ್ತಲೇ ಇದ್ದರು.

ನಾನು ಕಲ್ಲಿನ ಹತ್ತಿರ ಹೋಗಿ ಇವರ ಹೆಗಲಿನಿಂದ ಶಾಲು ಎಳೆದುಕೊಂಡೆ. “ಎಂತದೇ?” ಎಂದರು. ನಾನು ಮರಳಿಗಿಳಿದು ನಡೆದೆ. ಹಿಂದಿನಿಂದ, “ಈಗ ನನ್ನ ಹೆಂಡ್ತಿಯನ್ನೂ ಕೂಗ್ಬೇಕಾ ಮಾರ್ರೆ?” ಎಂದದ್ದು, ಜನ ನಕ್ಕದ್ದು ಕೇಳಿಸಿತು. ನೀರಿಲ್ಲದ ಕಡಲಿನಲ್ಲಿ ಮಾತು ಬಹಳ ದೂರ ಹೋಗುತ್ತದೆ.

ವಾರಿಜ ಗುಡಿಯ ಹಿಂದೆ ಕಲ್ಲಿನ ಸಂದಿಯಲ್ಲಿ ಮುದುಡಿ ಕುಳಿತಿದ್ದಳು. ತಿಳಿಹಳದಿಯ ಹೊಸ ಸೀರೆ. ಕಲ್ಲಿನ ಗುಂಡಿಯಲ್ಲಿ ನಿಂತ ನೀರಿನಲ್ಲಿ ತೊಳೆಯಲು ಹೋಗಿ ಕೆಂಪು ಕಲೆ ಇನ್ನಷ್ಟು ಹರಡಿತ್ತು, ಒದ್ದೆಯಾದ ಸೀರೆ ಮೈಗೆ ಅಂಟಿತ್ತು. ನನ್ನನ್ನು ಕಂಡದ್ದೇ ಅವಳು ಮುಖ ಮುಚ್ಚಿಕೊಂಡಳು. “ಯಮುನಕ್ಕ, ನಾನು ಕತ್ತಲಾದ ಮೇಲೆ ಬರ್ತೇನೆ. ಅವರಿಗೊಮ್ಮೆ ಸುಮ್ಮನಿರ್ಲಿಕ್ಕೆ ಹೇಳಿ.”

“ಏಳು ಮಗಾ. ಶಾಲು ತಂದಿದ್ದೇನೆ.”

“ಅಲ್ಲಿ ನೋಡಿ ಅಕ್ಕ, ಇಲ್ಲಿಂದ ಎಲ್ಲರ ಮುಖವೂ ಕಾಣ್ತದೆ.”

ನಾನು ತಿರುಗಿ ನೋಡಿದೆ. ಅಷ್ಟು ವರ್ಷ ದಂಡೆಯಿಂದ ಕಲ್ಲನ್ನು ನೋಡಿದ್ದೆ, ಕಲ್ಲಿನಿಂದ ದಂಡೆಯನ್ನು ನಿಂತು ನೋಡಿರಲಿಲ್ಲ. ಊರಿಗೆ ಊರೇ ಸಾಲಾಗಿ ನಿಂತು ನಮ್ಮ ಕಡೆಗೇ ನೋಡುತ್ತಿತ್ತು. ನಡುವೆ, ಎಲ್ಲರಿಗಿಂತ ಎತ್ತರದಲ್ಲಿ, ಅಂಗೈ ಬಾಯಿಗಿಟ್ಟುಕೊಂಡು ನನ್ನ ಗಂಡ. ಅವರ ಒಂದೊಂದು ಮಾತೂ ಕಿವಿಯ ಪಕ್ಕದಲ್ಲೇ ಆಡಿದ ಹಾಗೆ ಬರುತ್ತಿತ್ತು. ಅವರ ಹೆಂಡತಿ ನಾನು ಎಂದು ಆ ಹುಡುಗಿಯ ಮುಂದೆ ನಿಲ್ಲಲು ನನಗೆ ನಾಚಿಕೆಯಾಯಿತು, ಆ ಹೊತ್ತು ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಶಾಲನ್ನು ಅವಳ ಸೊಂಟದಿಂದ ಕೆಳಗೆ ಸುತ್ತಿ, ಕೈ ಹಿಡಿದುಕೊಂಡು ನಡೆಸಿ ತಂದೆ. ಹಿಂದೆ ನೀರು ಸಣ್ಣಗೆ ಸದ್ದು ಮಾಡುತ್ತಾ ಬರುತ್ತಿತ್ತು. ದಂಡೆ ಹತ್ತಿರವಾದಾಗ “ಕಾಲು ಉಳುಕಿತ್ತು” ಎಂದು ಹೇಳೋಣ ಎಂದುಕೊಂಡಿದ್ದೆ, ಬಾಯಿ ತೆರೆಯುವ ಮೊದಲೇ ಇವರು ಕೂಗಿದರು: “ಶಾಲು ಹೊದ್ದವರದ್ದೇ ಕೂಗು! ಬರುವ ಹುಣ್ಣಿಮೆಗೆ ನೀನೇ ಕೂಗು ವಾರಿಜಾ!” ಗಂಡಸರು ನಕ್ಕರು. ಇವರು “ಎಲ್ಲ ಬಂದ್ರು!” ಎಂದರು. ಗಂಡಸರು “ಬಂದ್ರು!” ಎಂದರು. ಹೆಂಗಸರ ಕಡೆಯಿಂದ ಓ ಬರಲಿಲ್ಲ. ಅದು ಯಾಕೆಂದು ಇವರಿಗೆ ಆಗಲೂ ಹೊಳೆಯಲಿಲ್ಲ, ನನ್ನ ಮುಖ ನೋಡಿದ ಮೇಲೆ ಮಾತ್ರ ಕಲ್ಲಿನಿಂದ ಮೆಲ್ಲಗೆ ಇಳಿದರು.

ಹುಡುಗನ ಕಡೆಯವರು ಮುಂದಿನ ಬಸ್ಸಿಗೇ ಹೋದರು. ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಿ ಕಳುಹಿಸಲಿಲ್ಲ. ಅಡಿಗರಿಗೆ ಹೇಗೋ ವಿಷಯ ಮುಟ್ಟಿ, ಮರುದಿನದ ಇಳಿತಕ್ಕೆ ಹೋಗಿ ಗುಡಿಗೆ ಶುದ್ಧಿ ಮಾಡಿ ಬಂದರು. ಯಾಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಶುದ್ಧಿ ಎಂದ ಮೇಲೆ ಬಾಯಿಬಿಟ್ಟು ಹೇಳಲು ಉಳಿದದ್ದಾದರೂ ಏನು? ಅಲ್ಲಿಗೆ ತಿಳಿಯದಿದ್ದ ಗಂಡಸರಿಗೂ ತಿಳಿಯಿತು.

ಇವರಿಗೆ ನಾನು ಆ ದಿನವೇ ಹೇಳಿದ್ದೆ. ಊಟಕ್ಕೆ ಕುಳಿತು, “ಎಂತಕ್ಕೆ ಮುಖ ಊದಿಸಿಕೊಂಡದ್ದು?” ಎಂದು ಕೇಳಿದರು. ಸುತ್ತುಬಳಸದೆ ಹೇಳಿದೆ. ಕಲಸಿದ ಅನ್ನ ಕೈಯಲ್ಲೇ ಉಳಿಯಿತು. “ನನಗೆ ಹೇಗೆ ಗೊತ್ತಾಗ್ಬೇಕು?” ಎಂದರು. “ಹೆಂಗಸರಿಗೆಲ್ಲ ಗೊತ್ತಾಯ್ತು” ಎಂದೆ. “ಮತ್ತೆ ಒಬ್ಬಳಾದ್ರೂ ಬಂದು ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಆಗ್ಲಿಲ್ವಾ?” ಎಂದರು. ಕೋಪದಿಂದ ಕೇಳಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಬೇಡಿದ ಹಾಗೆ ಕೇಳಿದರು. ಇವರು ಅನ್ನಕ್ಕೆ ನೀರು ಬಿಟ್ಟು ಎದ್ದರು.

ಬೆಳಿಗ್ಗೆ ಗುಲಾಬಿಯ ಮನೆಗೆ ಹೊರಟರು. ನಾನೂ ಹಿಂದಿನಿಂದ ಹೋದೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಯೊಳಗೇ ಹೇಳಿಕೊಳ್ಳುತ್ತಿದ್ದವರು, ಅಂಗಳದಲ್ಲಿ ನಿಂತದ್ದೇ ಅಭ್ಯಾಸಬಲದಿಂದ, “ವಾರಿಜಾ…” ಎಂದುಬಿಟ್ಟರು. ಮೆಲ್ಲಗೇ ಎಂದದ್ದು, ಆದರೆ ಆ ಗಂಟಲಿಗೆ ಮೆಲ್ಲಗೆ ಎನ್ನುವುದು ಬರುವುದಿಲ್ಲ. ಒಳಗೆ ಚಿಲಕ ಹಾಕಿದ ಸದ್ದು ಕೇಳಿಸಿತು. ಗುಲಾಬಿ ಹೊರಗೆ ಬಂದಳು. ಬೈದಿದ್ದರೆ ಚೆನ್ನಾಗಿತ್ತು. “ಆ ಹೆಸರು ಕರೀಬೇಡಿ ಕೂಗಿನವರೇ,” ಎಂದಳು. “ಅವಳಿಗೆ ಆ ಹೆಸರೇ ಬೇಡ ಅಂತ ಆಗಿದೆ. ನಾನೂ ಈಗ ಬರೇ ‘ಮಗಾ’ ಅಂತ ಕರೆಯುದು.” ತೊಳೆದು ಮಡಿಸಿದ್ದ ಶಾಲನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದಳು.

ಆಮೇಲೆ ಇವರು ಮನೆಯಲ್ಲೂ ಯಾರ ಹೆಸರನ್ನೂ ಕರೆಯಲಿಲ್ಲ. ದನವನ್ನು ಕೊಟ್ಟಿಗೆಗೆ ಕೂಡಿಸುವಾಗ ಬಾಲ ಹಿಡಿದು ತಳ್ಳುತ್ತಿದ್ದರು. ಸಂತೆಗೆ ಹೋಗುವುದು ಬಿಟ್ಟರು. ಮೊದಲು ಇವರ ಮಾತಿಗೆ ನಕ್ಕವರೇ ಈಗ, “ಕೂಗಿನವರು ಸ್ವಲ್ಪ ಜಾಸ್ತಿ ಮಾಡಿದ್ರು” ಎಂದು ಮಾತಾಡಿಕೊಂಡರು. ನಕ್ಕದ್ದು ತಾವೇ ಎಂಬುದನ್ನು ಎಲ್ಲರೂ ಎಷ್ಟು ಬೇಗ ಮರೆತರು ನೋಡಿ. ಶಾಲನ್ನು ನಾನು ಬಾಗಿಲಿನ ಗೂಟಕ್ಕೆ ತೂಗುಹಾಕಿದೆ. ಇವರು ಅದರ ಅಡಿಯಲ್ಲಿ ತಲೆ ತಗ್ಗಿಸಿಕೊಂಡೇ ಒಳಗೆ ಹೊರಗೆ ಓಡಾಡಿದರು.

ಹುಣ್ಣಿಮೆ ಬಂತು. ಇಳಿತವಾದಾಗ ಇವರು ಶಾಲಿಲ್ಲದೆ ಮನೆಯಿಂದ ಹೊರಟು, ಕಲ್ಲು ಹತ್ತದೆ, ಜನರ ಜೊತೆಯಲ್ಲಿ ತಾವೂ ಮರಳಿಗಿಳಿದು ದೇವರ ಕಡೆಗೆ ನಡೆದರು. ಕೂಗುವವನು ದಂಡೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಪಾಪ, ಹರಕೆ ಇರಬೇಕು ಎಂದುಕೊಂಡರು. ಹೋದವರು ಒಬ್ಬೊಬ್ಬರಾಗಿ ಬಂದರು, ಅಡಿಗರು ಬಂದರು. “ಅವರು ಅಲ್ಲೇ ಕೂತಿದ್ದಾರಮ್ಮ, ಬನ್ನಿ ಅಂದೆ, ತಲೆ ಅಲ್ಲಾಡಿಸಿದ್ರು” ಎಂದು ಅಡಿಗರು ನನಗೆ ಹೇಳಿದರು. ಇವರು ಕುಳಿತದ್ದು ಗುಡಿಯ ಹಿಂದಿನ ಆ ಸಂದಿಯಲ್ಲಿಯೇ ಎಂದು ಕೇಳದೆಯೇ ನನಗೆ ಗೊತ್ತಾಯಿತು.

ಹೊತ್ತು ಇಳಿಯಿತು. ಕಡಲು ಕಾಯುತ್ತಾ ದೂರದಲ್ಲಿ ನಿಂತಿತ್ತು. ಅಳಿವೆಯ ಬಾಯಲ್ಲಿ ದೋಣಿಗಳು ಒಂದರ ಹಿಂದೊಂದು ಬಂದು ಕೆಸರಿಗೆ ಕೂತವು. ಸುದ್ದಿ ಹಬ್ಬಿ ದಂಡೆಗೆ ಜನ ಬರತೊಡಗಿದರು, ಅಂಗಡಿಯವರು ಬಂದರು, ಶಾಲೆ ಬಿಟ್ಟು ಮಕ್ಕಳು ಬಂದರು. ನೋಡುವವರು ಹೆಚ್ಚಾದಷ್ಟೂ ಇವರು ಬರುವುದು ಕಷ್ಟವಾಗುತ್ತದೆ ಎಂದು ನನಗೆ ಗೊತ್ತಿತ್ತು. ತಡವಾದಷ್ಟೂ ನೋಡುವವರು ಹೆಚ್ಚುತ್ತಿದ್ದರು.

ಪಂಚಾಯತಿಯ ಅಧ್ಯಕ್ಷರು ನಮ್ಮ ಅಟ್ಟದಿಂದ ಮೈಕು ಇಳಿಸಿ ತರಿಸಿದರು. “ಮಾನ್ಯ ಕೂಗಿನವರು ಎಲ್ಲಿದ್ದರೂ ದಂಡೆಗೆ ಬರಬೇಕಾಗಿ ವಿನಂತಿ” ಎಂದು ಮದುವೆಮನೆಯಲ್ಲಿ ಕರೆದ ಹಾಗೆ ಕರೆದರು. ಎಲ್ಲಿದ್ದಾರೆಂದು ಊರಿಗೇ ಗೊತ್ತಿತ್ತು. ದೋಣಿ ನಡೆಸುವ ಬೂದ ತಾಂಡೇಲ ಮೈಕು ಕಸಿದುಕೊಂಡ. ಅವನ ದೋಣಿಯೇ ಕೆಸರಿನಲ್ಲಿ ಮುಂದೆ ಕೂತಿತ್ತು, ಅದರ ತುಂಬ ಬಂಗುಡೆ ಮೀನು. ಅವನು ಇವರ ಹೆಸರು ಹಿಡಿದು, “ಊರಿನ ಹೆಣ್ಣುಮಕ್ಕಳ ಮಾನ ತೆಗೆದದ್ದು ಸಾಲ್ದಾ, ಈಗ ನಮ್ಮ ಅನ್ನ ತೆಗಿತೀಯಾ? ಬಾ ಗಂಡಸಾದ್ರೆ!” ಎಂದು ಅರಚಿದ. ಯಾರೋ ನಕ್ಕರು, ಇನ್ಯಾರೋ ಸೀಟಿ ಹೊಡೆದರು. ಗುಡಿಯ ಪಕ್ಕದಲ್ಲಿ ಎದ್ದು ನಿಂತಂತೆ ಕಂಡ ಒಂದು ಕರಿ ಆಕೃತಿ ಮತ್ತೆ ಕಲ್ಲಿನ ಹಿಂದೆ ಸರಿಯಿತು.

ನನಗೆ ಹೆದರಿಕೆ ಹುಟ್ಟಿದ್ದು ಆಗ. ಇವರು ಇತ್ತ ಬಾರದೆ ಅತ್ತಲೇ ನಡೆದುಬಿಟ್ಟರೆ? ಅತ್ತ ಕಡೆ ಮರಳು ಇಳಿಜಾರಾಗಿ ಹೋಗುತ್ತದೆ, ಆಮೇಲೆ ಆಳ. ನಾನು ಮರಳಿಗಿಳಿಯಲು ಹೊರಟೆ. ಅಧ್ಯಕ್ಷರು ಅಡ್ಡ ಬಂದು, “ನೀವೂ ಹೋಗಿ ಕೂತ್ರೆ ಗತಿ ಎಂತ?” ಎಂದರು.

“ಮೈಕು ಬಂದ್ ಮಾಡಿ” ಎಂದು ಒಂದು ಹೆಣ್ಣು ದನಿ ಹೇಳಿತು. ಸಣ್ಣ ದನಿ. ಎಲ್ಲರೂ ತಿರುಗಿ ನೋಡಿದರು, ನೋಡಿದವರೆಲ್ಲ ಕೂಡಲೇ ಕಣ್ಣು ಬೇರೆ ಕಡೆ ಹೊರಳಿಸಿದರು. ಹದಿನೈದು ದಿನ ಹೊಸ್ತಿಲು ದಾಟದ ವಾರಿಜ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಹಳೆಯ ಕಂದು ಸೀರೆ, ಬೀಡಿ ಎಲೆಯ ಕಲೆ ಹಿಡಿದ ಬೆರಳು. ಮತ್ತೆ ಅವಳೇ ಹೇಳಿದಳು: “ಕೂಗಿದ್ರೆ ಬರ್ಲಿಕ್ಕೆ ಆಗುದಿಲ್ಲ. ಅಲ್ಲಿಂದ ಎಲ್ಲರ ಮುಖ ಕಾಣ್ತದೆ. ನೀವೆಲ್ಲ ಆಚೆ ತಿರುಗಿ.”

“ಆಚೆ ತಿರುಗಿ ಅಂದ್ರೆ?” ಎಂದ ತಾಂಡೇಲ.

“ಕಡಲಿಗೆ ಬೆನ್ನು ಹಾಕಿ. ಯಾರೂ ನೋಡ್ಬಾರ್ದು. ನನಗೆ ಯಾರಾದ್ರೂ ಹಾಗೆ ಮಾಡಿದ್ರೆ ಆಗ್ಲೇ ಬರ್ತಿದ್ದೆ.”

ಅವಳು ಕೊನೆಯ ಮಾತನ್ನು ಯಾರ ಮೇಲೂ ಎತ್ತಿಹಾಕಿ ಹೇಳಲಿಲ್ಲ, ಅದು ಮಾತ್ರ ಎಲ್ಲರ ಮೇಲೂ ಬಿತ್ತು. ಮೊದಲು ಹೆಂಗಸರು ತಿರುಗಿದರು. ಆಮೇಲೆ ಟೈಲರ್ ಜನ್ನ ತಿರುಗಿದ. ಅಡಿಗರು, ಅಧ್ಯಕ್ಷರು, ಲಾರಿಯವರು. ಮಕ್ಕಳನ್ನು ತಾಯಂದಿರು ಕಿವಿ ಹಿಡಿದು ತಿರುಗಿಸಿದರು. ತಾಂಡೇಲ ಗೊಣಗುತ್ತಾ ನಿಂತಿದ್ದ, ಅವನ ಹೆಂಡತಿ ರಟ್ಟೆ ಹಿಡಿದು ತಿರುಗಿಸಿದಳು. ದಂಡೆಯ ನಾಯಿ ಒಂದು ಮಾತ್ರ ಕಡಲು ನೋಡುತ್ತಾ ಕುಳಿತಿತ್ತು, ಅದಕ್ಕೆ ಹೇಳುವವರು ಯಾರೂ ಇರಲಿಲ್ಲ.

“ಅವರಿಗೆ ಗೊತ್ತಾಗ್ಬೇಕಲ್ಲ, ನಾವು ತಿರುಗಿದ್ದು” ಎಂದಳು ಗುಲಾಬಿ. ವಾರಿಜ ನನ್ನನ್ನು ನೋಡಿದಳು. “ಅಕ್ಕ, ನೀವು ಕರೀರಿ. ಒಂದೇ ಸಲ ಸಾಕು. ಬರೇ ಹೆಸರು.”

ಹೆಸರು! ಮದುವೆಯಾಗಿ ಬಂದಂದಿನಿಂದ ಹ್ವಾಯ್, ಕೇಳಿತಾ, ಇಲ್ಲಿ ನೋಡಿ ಎಂದು ಕರೆದು ಸಂಸಾರ ಮಾಡಿದವಳು ನಾನು. ನಾಲಿಗೆ ಹೊರಳಲೇ ಇಲ್ಲ. ಕಿವಿ ಬಿಸಿಯಾಯಿತು. ಅಷ್ಟು ಜನ ಬೆನ್ನು ಹಾಕಿ ನಿಂತಿದ್ದರೂ ನನ್ನನ್ನು ಬತ್ತಲೆ ನಿಲ್ಲಿಸಿದ ಹಾಗಾಯಿತು. ಹೆಸರು ಕೂಗಿಸಿಕೊಳ್ಳುವ ನಾಚಿಕೆಯೇ ದೊಡ್ಡದೆಂದು ತಿಳಿದಿದ್ದೆ, ಕರೆಯುವುದರಲ್ಲೂ ಇಷ್ಟು ನಾಚಿಕೆ ಇರುತ್ತದೆಂದು ತಿಳಿದಿರಲಿಲ್ಲ. ಇವರಿಗೆ ಒಂದು ದಿನವಾದರೂ ಇದು ಆಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮರಳಿನ ಅಂಚಿಗೆ ಹೋಗಿ ನಿಂತೆ. ಊಟಕ್ಕೆ ಏಳಿಸುವಾಗ ಬರುವ ದನಿಯಲ್ಲಿಯೇ ಕರೆದೆ.

“ಐತಪ್ಪಾ…”

ಅದು ಹೋಯಿತು. ಒದ್ದೆ ಮರಳಿನ ಮೇಲೆ ಬಹಳ ದೂರ ಹೋಯಿತು. ಹೋಗಿ ಮುಟ್ಟಿತೋ ಇಲ್ಲವೋ ನೋಡಬೇಕೆನಿಸಿತು. ನೋಡಲಿಲ್ಲ. ನಾನೂ ತಿರುಗಿ ವಾರಿಜಳ ಪಕ್ಕದಲ್ಲಿ ನಿಂತೆ.

ಕಡಲಿಗೆ ಬೆನ್ನು ಹಾಕಿ ನಮ್ಮೂರನ್ನು ನಾವು ಯಾರೂ ಹಾಗೆ ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನ ತಗಡಿನ ಮಾಡು, ಒಣಗಲು ಹಾಕಿದ ಬಲೆ, ಗುಲಾಬಿಯ ಮನೆಯ ಹಂಚು, ನಮ್ಮ ಮನೆಯ ಬಾಗಿಲಿನಲ್ಲಿ ಕೆಂಪಗೆ ಕಾಣುವ ಶಾಲು. ತಾಂಡೇಲ ಒಮ್ಮೆ ಕುತ್ತಿಗೆ ಹೊರಳಿಸಲು ನೋಡಿ, ಹೆಂಡತಿಯ ಕಣ್ಣು ಕಂಡು ಸುಮ್ಮನಾದ. ಎಷ್ಟು ಹೊತ್ತಾಯಿತೋ ತಿಳಿಯದು. ಎಲ್ಲ ದೇವರುಗಳಿಗೂ ಹೇಳಿಕೊಂಡೆ. ಬರಲಿ, ಬಂದ ಮೇಲೆ ಇನ್ನು ಕೂಗುವುದೇ ಬೇಡ, ಬೇಕಾದರೆ ಬೆಂಡೆಕಾಯಿ ಹೆಚ್ಚಿಗೆ ಸಿಗದಿದ್ದರೂ ಅಡ್ಡಿಯಿಲ್ಲ, ಬರಲಿ. ಪಕ್ಕದಲ್ಲಿ ವಾರಿಜಳ ಉಸಿರು ಕೇಳುತ್ತಿತ್ತು.

ನಾಯಿ ಎದ್ದು ನಿಂತು ಬಾಲ ಅಲ್ಲಾಡಿಸಿತು.

ಆಮೇಲೆ ನನ್ನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ನೀರು. ವಾರಿಜಳ ಕಾಲಿಗೂ ತಾಗಿರಬೇಕು, ಅವಳು ಉಸಿರು ಬಿಟ್ಟಳು. ಸಾಲಿನುದ್ದಕ್ಕೂ ಒಬ್ಬೊಬ್ಬರ ಕಾಲನ್ನೂ ಮುಟ್ಟುತ್ತಾ ನೀರು ಬಂತು, ಸೀರೆಯಂಚು ಒದ್ದೆಯಾಯಿತು, ಮಕ್ಕಳ ಚಪ್ಪಲಿ ತೇಲಿದವು. ಅಳಿವೆಯ ಕಡೆ ದೋಣಿಗಳು ಕೆಸರು ಬಿಟ್ಟು ಏಳುವ ಸದ್ದು ಕೇಳಿಸಿತು. ಆಗಲೂ ಯಾರೂ ತಿರುಗಲಿಲ್ಲ. ನನ್ನ ಇನ್ನೊಂದು ಪಕ್ಕದಲ್ಲಿ ಯಾರೋ ಬಂದು, ನಮ್ಮ ಹಾಗೆ ಕಡಲಿಗೆ ಬೆನ್ನು ಹಾಕಿ ನಿಂತರು. ಮೂಗು ಒರೆಸಿಕೊಂಡ ಸದ್ದಿನಿಂದ ಯಾರೆಂದು ತಿಳಿಯಿತು.

ಪದ್ಧತಿಯ ಮಾತು ಒಂದು ಬಾಕಿ ಇತ್ತು. ಅದನ್ನು ಹೇಳದೆ ಜನ ಮನೆಗೆ ಹೋಗುವ ಹಾಗಿರಲಿಲ್ಲ, ಹೇಳುವವರು ಬೇರೆ ಯಾರೂ ಇರಲಿಲ್ಲ. ಇವರು ಬಾಯಿಗೆ ಅಂಗೈ ಇಡಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಲುಂಗಿಯ ಅಂಚು ಹಿಡಿದುಕೊಂಡು, ಅಷ್ಟು ದೊಡ್ಡ ಗಂಟಲಿನಿಂದ ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಹಾಗೆ, “ಎಲ್ಲ ಬಂದ್ರು” ಎಂದರು.

ಗಂಡಸರು ಓಗೊಡಲಿಲ್ಲ. ಹೆಂಗಸರೂ ಓಗೊಡಲಿಲ್ಲ. ಆ ಓ ಯಾರದ್ದೆಂದು ಎಲ್ಲರಿಗೂ ಗೊತ್ತಿದ್ದ ಹಾಗಿತ್ತು, ಮೊಣಕಾಲ ತನಕ ನೀರಿನಲ್ಲಿ ನಿಂತು ಊರೆಲ್ಲ ಕಾಯಿತು. ವಾರಿಜ ತಲೆ ತಗ್ಗಿಸಿ ಬಹಳ ಹೊತ್ತು ನೀರನ್ನು ನೋಡುತ್ತಿದ್ದಳು. ಕೊನೆಗೆ, ತಿರುಗದೆಯೇ, “ಬಂದ್ರು” ಎಂದಳು.